ಅತ್ತೆ, ಟೈಗರ್ ಮತ್ತು ಕಾಲಿಂಗ್ ಬೆಲ್

ನಮ್ಮತ್ತೆಯ ಬಲಗಿವಿ ಎಡಗಿವಿಗಿಂತ ಒಂದಿಷ್ಟು ಚಪ್ಪಟೆಯಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕೂತದ್ದರ ಗುರುತು ಅದು ಎಂದು ಅವರೇ ಹೇಳುತ್ತಿದ್ದರು. ತಲೆ ಬಾಚುವಾಗ ಆ ಕಿವಿಯ ಮೇಲೆ ಕೂದಲು ಎಳೆದು ಮುಚ್ಚಿಕೊಳ್ಳುವರು. ಕೆಲಸ ಬಿಟ್ಟ ಮೇಲೂ ಅವರ ಜೊತೆ ಉಳಿದದ್ದು ಆ ಕಿವಿ ಮತ್ತು ಏರಿಳಿತವಿಲ್ಲದ ಆಪರೇಟರಿನ ಮೆಲುದನಿ. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಅದೇ ದನಿ, ಮೊಮ್ಮಗಳು ಕ್ಲಾಸಿಗೆ ಮೊದಲು ಬಂದರೂ ಅದೇ ದನಿ. ಮದುವೆಯಾದ ಹೊಸತರಲ್ಲಿ ಈಕೆಗೆ ಸಂತೋಷವಾಗಿದೆಯೋ ಕೋಪ ಬಂದಿದೆಯೋ ತಿಳಿಯದೆ ನಾನು ಒದ್ದಾಡಿದ್ದೇನೆ.

"ಟ್ರಂಕ್ ಕಾಲ್ ಸಿಗದೆ ಜನ ಬಾಯಿಗೆ ಬಂದಂಗೆ ಬೈಯೋರು ಕಣಮ್ಮ. ಆ ಕಡೆಯವರು ಕೂಗಿದ್ರೆ ನಾವು ದನಿ ಇಳಿಸ್ಬೇಕು. ಕೇಳಿಸ್ಕೊಳ್ಳೋಕಾದ್ರೂ ಸುಮ್ಮನಾಗ್ತಾರೆ" ಎನ್ನುತ್ತಿದ್ದರು.

ಇಂಥ ತಾಯಿಯ ಮಗ ನನ್ನ ಗಂಡ. ಅವರು ಫೋನಿನಲ್ಲಿ ಮಾತಾಡಿದರೆ ಬಸವೇಶ್ವರನಗರದ ನಮ್ಮ ರಸ್ತೆಯ ಆ ತುದಿಗೂ ವಿಷಯ ತಿಳಿಯುತ್ತದೆ. ಪಕ್ಕದ ಮನೆಯಲ್ಲಿ ಕಳ್ಳತನವಾದ ಮೇಲೆ ಅವರೊಂದು ನಾಯಿಮರಿ ತಂದು ಟೈಗರ್ ಎಂದು ಹೆಸರಿಟ್ಟರು. ಮರಿ ಸೊಪ್ಪಿನವಳನ್ನು ಕಂಡು ಬೊಗಳಿದರೆ ಬಿಸ್ಕತ್ತು, ಕೊರಿಯರಿನವರ ಮೇಲೆ ಹಾರಿದರೆ ಶಭಾಷ್‌ಗಿರಿ. ನೆಂಟರು ಬಂದಾಗ ಮಾತ್ರ ಅದು ಸಂಭಾವಿತನ ಹಾಗೆ ಇರಬೇಕು. ಪಾಪ, ಸೊಪ್ಪಿನವಳು ಯಾರು, ನೆಂಟರು ಯಾರು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಲ್ ಆದರೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ನಾಯಿ ಸಾಕಿದ ಎಷ್ಟೋ ಮನೆಗಳಲ್ಲಿ ನಡೆಯುವುದೇ. ಇವರು ಓಡಿಹೋಗಿ ಟೈಗರ್‌ನ ಬೆಲ್ಟ್ ಹಿಡಿದು ಎಳೆಯುವರು. ಅದು ಎರಡೇ ಕಾಲಿನ ಮೇಲೆ ನಿಂತು, ಕತ್ತು ಬಿಗಿದು, ಕೆಮ್ಮುತ್ತ ಬೊಗಳುವುದು. ನಾನು ಅಡುಗೆಮನೆಯಿಂದ, ಮಗಳು ರೂಮಿನಿಂದ "ಟೈಗರ್, ಟೈಗರ್" ಎಂದು ಕಿರುಚುವೆವು. ಇವರು ಬಂದವರಿಗೆ, "ಬನ್ನಿ ಬನ್ನಿ, ಏನೂ ಮಾಡಲ್ಲ" ಎನ್ನುವರು.

ಅತ್ತೆಗೆ ನಾಯಿ ಆಗದು. ಮಡಿಯಲ್ಲಿ ದೇವರ ಮನೆಗೆ ಹೊರಟಾಗ ಟೈಗರ್ ಅಡ್ಡ ಮಲಗಿದ್ದರೆ, ಸೆರಗು ಒತ್ತಿ ಹಿಡಿದು, "ಸ್ವಲ್ಪ ಜರುಗಪ್ಪ" ಎಂದು ಕಾದು ನಿಲ್ಲುವರು. ನಾವು ಮೂವರೂ ಕೂಗಿದರೂ ಕದಲದ ಪ್ರಾಣಿ ಎದ್ದು ದಾರಿ ಬಿಡುತ್ತಿತ್ತು. ನಾವದನ್ನು ತಮಾಷೆ ಎಂದುಕೊಂಡಿದ್ದೆವು.

ಒಂದು ದಿನ ಬೆಲ್ಟ್ ಇವರ ಕೈಯಿಂದ ಜಾರಿ, ಟೈಗರ್ ಗ್ಯಾಸ್ ಸಿಲಿಂಡರ್ ತಂದವರ ಮೀನಖಂಡಕ್ಕೆ ಬಾಯಿ ಹಾಕಿತು. ಅವರನ್ನು ಆಸ್ಪತ್ರೆಗೆ ಕರೆದೊಯ್ದು ಇಂಜೆಕ್ಷನ್ ಹಾಕಿಸಿ ಬಂದ ನನ್ನ ಗಂಡ ಪೇಪರ್ ಸುತ್ತಿ ಟೈಗರ್‌ಗೆ ಎರಡು ಬಾರಿಸಿದರು. "ಮಾಗಡಿ ರೋಡಲ್ಲಿ ಫ್ರೆಂಡ್ ತೋಟ ಇದೆ, ಭಾನುವಾರ ಬಿಟ್ಟು ಬರ್ತೀನಿ" ಎಂದರು. ಮನೆಯ ಸೋಫಾ ಕೆಳಗೆ ಬೆಳೆದ ನಾಯಿ ತೋಟದಲ್ಲಿ ಎಷ್ಟು ದಿನ ಬಾಳೀತು? ನನಗೆ ಅಳು ಬಂತು. ಆದರೆ ಕಚ್ಚುವ ನಾಯಿಯನ್ನು ಇಟ್ಟುಕೊಳ್ಳೋಣ ಎಂದು ಯಾವ ಬಾಯಲ್ಲಿ ಹೇಳಲಿ?

ಅತ್ತೆ ಹೂ ಕಟ್ಟುತ್ತಿದ್ದರು. ತಲೆಯೆತ್ತದೆ ಹೇಳಿದರು. "ಬೊಗಳ್ದಾಗ ಬಿಸ್ಕತ್ತು ಕೊಟ್ಟೋನು ನೀನು, ಕಚ್ಚಿದಾಗ ಹೊಡೆದೋನೂ ನೀನು. ಅದರ ಕತ್ತು ಹಿಸುಕಿ, ಬಂದವರಿಗೆ ಏನೂ ಮಾಡಲ್ಲ ಬನ್ನಿ ಅಂತೀಯ. ಬಂದವರು ನಿನಗೇನೂ ಮಾಡಲ್ಲ ಅಂತ ಅದಕ್ಕೆ ಯಾರು ಹೇಳ್ಬೇಕು? ಬೆಲ್ ಹೊಡೀತು ಅಂದ್ರೆ ಕತ್ತಿಗೆ ಬಂತು ಅಂತ ಅಂದ್ಕೊಂಡಿದೆ ಅದು. ಶ್ರಾವಣ ಕಳೀಲಿ, ಆಮೇಲೆ ಬೇಕಾದ್ರೆ ಬಿಟ್ಟು ಬಾ."

ಮರುದಿನದಿಂದ ಅಭ್ಯಾಸ ಶುರುವಾಯಿತು, ಹೆಚ್ಚಾಗಿ ನಮಗೆ. ನಾನು ಗೇಟಿನಾಚೆ ಹೋಗಿ ನಮ್ಮ ಮನೆಯ ಬೆಲ್ಲನ್ನೇ ಒತ್ತಬೇಕು. ಟೈಗರ್ ಬಾಗಿಲ ಬಳಿಯ ಚಾಪೆಯ ಮೇಲೆ ಕೂರುವ ತನಕ ಯಾರೂ ತೆರೆಯಬಾರದು. ಯಾರೂ ಕೂಗಬಾರದು, ಯಾರೂ ಓಡಬಾರದು, ಬೆಲ್ಟ್ ಮುಟ್ಟಲೇಬಾರದು. ಅತ್ತೆ ದೂರ ನಿಂತು "ಕೂತ್ಕೊಳಪ್ಪ" ಎನ್ನುವರು. ಕೂತರೆ, ಮೈ ತಗಲದ ಹಾಗೆ ಮೇಲಿನಿಂದ ರಸ್ಕಿನ ಚೂರು ಬೀಳಿಸುವರು. ಬಿಸಿಲಲ್ಲಿ ನಿಂತ ನನ್ನನ್ನು ನೋಡಿ ಎದುರು ಮನೆಯಾಕೆ, "ಯಾಕ್ರೀ, ಅತ್ತೆ ಒಳಗೆ ಸೇರಿಸ್ತಿಲ್ವಾ?" ಎಂದು ಕೇಳಿದ್ದೂ ಆಯಿತು.

ನನ್ನ ಗಂಡನಿಗೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಬೆಲ್ ಆದೊಡನೆ "ಟೈಗರ್, ಸಿಟ್, ಸಿಟ್" ಎಂದು ಅಬ್ಬರಿಸಿಕೊಂಡು ಎದ್ದುಬಿಡುವರು. ಕೂತಿದ್ದ ಟೈಗರ್ ಕೂಡ ಎದ್ದು ಬೊಗಳುವುದು. ಅಂದಿನ ಮಟ್ಟಿಗೆ ಕಲಿತದ್ದೆಲ್ಲ ನೀರುಪಾಲು. ಅತ್ತೆ ಬೈಯಲಿಲ್ಲ. "ಮೊದಲು ನೀನು ಕೂತ್ಕೊಳೋದು ಕಲಿ ಮಗನೇ" ಎಂದರು. ಐವತ್ತು ದಾಟಿದ ಮಗ ಪೆಚ್ಚಾಗಿ ಸೋಫಾದ ಮೇಲೆ ಕೂತರು.

ಶ್ರಾವಣ ಮುಗಿಯುವ ಹೊತ್ತಿಗೆ ಅದೇ ಸಿಲಿಂಡರಿನವರು ಮತ್ತೆ ಬಂದರು. ಗೇಟಿನಾಚೆಯಿಂದಲೇ, "ಆಂಟಿ, ನಾಯಿ ಕಟ್ಟಿ" ಎಂದರು. ಟೈಗರ್ ಒಮ್ಮೆ ಗುರ್ ಎಂದಿತು. ಇವರ ಕೈ ಬೆಲ್ಟಿನ ಕಡೆ ಹೊರಟಿತ್ತು.

"ಕೈ ಹಿಂದಕ್ಕೆ ಕಟ್ಕೋ" ಎಂದರು ಅತ್ತೆ.

ಇವರು ಶಾಲೆಯ ಹುಡುಗನ ಹಾಗೆ ಕೈ ಹಿಂದಕ್ಕೆ ಕಟ್ಟಿಕೊಂಡರು. ಟೈಗರ್ ಇವರ ಮುಖ ನೋಡಿತು, ಅತ್ತೆಯ ಮುಖ ನೋಡಿತು. "ಕೂತ್ಕೊಳಪ್ಪ" ಎಂದದ್ದಕ್ಕೆ ಕೂತಿತು. ಅದರ ಮೇಲೆ ಒಂದು ಕಣ್ಣಿಟ್ಟುಕೊಂಡೇ ಸಿಲಿಂಡರ್ ಇಳಿಸಿದವರು ಕೇಳಿದರು, "ಬೇರೆ ನಾಯಿ ತಂದ್ರಾ ಸಾರ್?"

"ನಾಯಿ ಅದೇನಪ್ಪ. ಸಾಕೋರು ಸ್ವಲ್ಪ ಬದಲಾದ್ರು" ಎಂದರು ಅತ್ತೆ. ತೋಟದ ಮಾತು ಮತ್ತೆ ಬರಲಿಲ್ಲ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು, ನಿದ್ದೆಯಲ್ಲೇ. ಬೆಳಿಗ್ಗೆಯಿಂದ ಗೇಟು ತೆರೆದೇ ಇತ್ತು. ಕುರುಬರಹಳ್ಳಿಯಿಂದ ಅವರ ತಂಗಿ ಗೋಳಾಡುತ್ತ ಒಳಗೆ ಓಡಿ ಬಂದಾಗ ಟೈಗರ್ ಎದ್ದು ನಿಂತಿತು. ಬೆನ್ನ ಮೇಲಿನ ಕೂದಲು ನೆಟ್ಟಗಾಗಿತ್ತು. ಯಾರೋ "ನಾಯಿ ಕಟ್ರೀ" ಎಂದು ಕೂಗಿದರು. ಒಳಗಿಂದ ನನ್ನ ಗಂಡ ಬಂದರು. ಅತ್ತು ಕಣ್ಣು ಊದಿತ್ತು. ಇನ್ನೇನು ಅಬ್ಬರಿಸುತ್ತಾರೆ ಎಂದುಕೊಂಡೆ.

ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ಕೂತ್ಕೊಳಪ್ಪ" ಎಂದರು. ಅಷ್ಟು ಮೆಲ್ಲಗಿನ, ಅಷ್ಟು ಸಮನಾದ ಆ ದನಿಯನ್ನು ಅವರ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ.

ಟೈಗರ್ ಕೂತಿತು. ಅದರ ಪಕ್ಕದಲ್ಲಿ, ಬಾಗಿಲ ಚಾಪೆಯ ಮೇಲೆ, ಇವರೂ ಕೂತರು.