ಮೈಸೂರಿನಲ್ಲಿ ಚಪ್ಪಲಿ ಕೊಂಡ ದಿನ

ಮಕ್ಕಳೇ, ನಾವು ಮೂವರು ಹೆಂಗಸರು ವಯನಾಡಿನಿಂದ ಮೈಸೂರಿಗೆ ಹೋಗಿ ಬಂದ ಕತೆಯನ್ನು ನೀವು ಬೇರೆಯವರ ಬಾಯಲ್ಲಿ ಕೇಳಿದ್ದೀರಿ. ಮೃಗಾಲಯ ನೋಡಲು ಹೋಗಿದ್ದೆವು ಎಂದು ಅವರು ಹೇಳಿರುತ್ತಾರೆ. ನನ್ನ ಜೊತೆಗಿದ್ದ ಇಬ್ಬರು ಹೋದದ್ದು ಅದಕ್ಕೇ. ನಾನು ಹೋದದ್ದು ಒಂದು ಜೋಡಿ ಚಪ್ಪಲಿಗಾಗಿ. ಹೊರಡುವಾಗ ಅದನ್ನು ಯಾರಿಗೂ ಹೇಳಿರಲಿಲ್ಲ. ಗುಂಡ್ಲುಪೇಟೆ ಕಡೆಯ ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಎಡಗಾಲು ಬಲಗಾಲಿಗಿಂತ ದೊಡ್ಡದು. ನೋಡಿದವರಿಗೆ ಗೊತ್ತಾಗುವಷ್ಟಲ್ಲ, ಚಪ್ಪಲಿಗೆ ಗೊತ್ತಾಗುವಷ್ಟು. ಮದುವೆಯಾದ ವರ್ಷ ನಿಮ್ಮ ತಾತ ನನಗೆ ಚಪ್ಪಲಿ ತರಲು ಹೊರಟಾಗ, ಜಗಲಿಯಲ್ಲಿ ನನ್ನನ್ನು ನಿಲ್ಲಿಸಿ ಬಾಳೆನಾರಿನಲ್ಲಿ ಪಾದದ ಅಳತೆ ತೆಗೆದರು. ಹಿಮ್ಮಡಿಗೆ ಒಂದು ಗಂಟು, ಹೆಬ್ಬೆರಳಿಗೆ ಒಂದು ಗಂಟು. ಹೆಂಗಸರು ಚಪ್ಪಲಿ ಅಂಗಡಿಗೆ ಹೋಗಿ ಗುರುತಿಲ್ಲದ ಗಂಡಸಿನ ಕೈಗೆ ಕಾಲು ಕೊಡುವುದು ಆಗ ನಮ್ಮವರಲ್ಲಿ ಇರಲಿಲ್ಲ. ಗಂಡ ನಾರು ಹಿಡಿದು ಪೇಟೆಗೆ ಹೋಗುತ್ತಿದ್ದ, ಚಪ್ಪಲಿ ಹಿಡಿದು ಬರುತ್ತಿದ್ದ. ಶುಭವೆಂದು ನಿಮ್ಮ ತಾತ ಅಳೆದದ್ದು ಬಲಗಾಲನ್ನು.

ಪನಮರಂ ಪೇಟೆಯಿಂದ ಬಂದ ಆ ಚಪ್ಪಲಿ ಬಲಗಾಲಿಗೆ ಹೇಳಿ ಮಾಡಿಸಿದಂತಿತ್ತು. ಎಡಗಾಲಿನ ಕಿರುಬೆರಳನ್ನು ಕಚ್ಚಿತು. ಸರಿ ಇದೆಯಾ ಎಂದು ಕೇಳಿದರು. ಸರಿ ಇದೆ ಎಂದೆ. ನಾನು ಆ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮರುವರ್ಷ ಹೇಳೋಣವೆಂದುಕೊಂಡೆ. ಆದರೆ ಮರುವರ್ಷ ಹೇಳಿದರೆ ಹೋದ ವರ್ಷ ಯಾಕೆ ಹೇಳಲಿಲ್ಲ ಎಂಬ ಮಾತು ಬರುತ್ತಿತ್ತು. ಮೂರನೆಯ ವರ್ಷವಾದರೆ ಎರಡು ವರ್ಷಕ್ಕೆ ಉತ್ತರ ಕೊಡಬೇಕಿತ್ತು. ಹೀಗೆ ಮೂವತ್ತೆಂಟು ವರ್ಷವಾಯಿತು.

ಅವರು ಹೋಗಿ ಆರು ವರ್ಷ. ಅವರು ತಂದ ಕೊನೆಯ ಜೋಡಿಯನ್ನು ಎರಡು ಸಲ ಹೊಲಿಸಿದ್ದೆ. ಮೂರನೆಯ ಸಲ ಹೊಲಿಯುವವನು ಚಪ್ಪಲಿಯನ್ನು ನೋಡಿ, ನನ್ನನ್ನು ನೋಡಿ, ಹಿಂದಕ್ಕೆ ಕೊಟ್ಟ. ಬತ್ತೇರಿಯಲ್ಲೇ ಹೊಸದು ಕೊಳ್ಳಬಹುದಿತ್ತು. ಆದರೆ ಅಲ್ಲಿ ಯಾವ ಅಂಗಡಿಗೆ ಹೋದರೂ ಗುರುತಿನವರು ಇರುತ್ತಾರೆ. ಗುರುತಿನವರ ಮುಂದೆ ಕಾಲು ಚಾಚಿ ಇದು ಕಚ್ಚುತ್ತದೆ ಎನ್ನುವುದು ನನ್ನಿಂದ ಆಗುವ ಕೆಲಸವಲ್ಲ. ಮೈಸೂರಿನಲ್ಲಿ ನನ್ನನ್ನು ಬಲ್ಲವರಿಲ್ಲ. ಅಲ್ಲಿಯಾದರೂ ಬಾಯಿಬಿಟ್ಟು ಹೇಳಿ ಕಚ್ಚದ ಒಂದು ಜೋಡಿ ತರಬೇಕು, ಅಲ್ಲಿಯೂ ಬಾಯಿ ಬರದಿದ್ದರೆ ಇನ್ನುಳಿದ ದಿನಗಳಿಗೆ ಬರಿಗಾಲು ಎಂದು ತೀರ್ಮಾನಿಸಿದ್ದೆ.

ಜೊತೆಗೆ ಬಂದವರಲ್ಲಿ ಒಬ್ಬಳು ಮೇಲಿನ ಮನೆಯ ಅಕ್ಕ. ನಮ್ಮ ಹಾಗೆಯೇ ಗಡಿಯ ಆಚೆಯ ಕನ್ನಡ ನಾಡಿನಿಂದ ಬಂದವಳು. ಆಕೆ ಚೌಕಾಸಿಗೆ ನಿಂತರೆ ಅಂಗಡಿಯವರು ಒಳಗೆ ಹೋಗಿ ನೀರು ಕುಡಿದು ಬರುತ್ತಾರೆ. ಇನ್ನೊಬ್ಬಳು ಬಟ್ಟೆ ಹೊಲಿಯುವ ಚೇಚಿ. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ; ಆಕೆ ಪಯ್ಯಂಪಳ್ಳಿಯಲ್ಲಿ ಹುಟ್ಟಿದ ಮಲಯಾಳಿ. ಇಪ್ಪತ್ತೈದು ವರ್ಷ ಬೇಲಿಯ ಆಚೆ ನಿಂತು ನಮ್ಮಿಂದ ಕನ್ನಡ ಕಲಿತಳು. ಬೆಲೆ ಮತ್ತು ಬೈಗುಳ ಚೆನ್ನಾಗಿ ಬರುತ್ತವೆ, ಉಳಿದದ್ದು ಸುಮಾರು.

ಬೆಳಗಿನ ಮೊದಲ ಬಸ್ಸಿಗೆ ಬತ್ತೇರಿಯಿಂದ ಹೊರಟೆವು. ಕಾಡು ದಾಟುವವರೆಗೂ ಚೇಚಿ ಕಿಟಕಿಯ ಹತ್ತಿರ ಕುಳಿತು ಜಿಂಕೆ ಕಂಡಾಗಲೆಲ್ಲ ನಮ್ಮನ್ನು ಎಬ್ಬಿಸಿದಳು. ಮೈಸೂರಿನಲ್ಲಿ ಇಳಿದು ಹೋಟೆಲಿನಲ್ಲಿ ಇಡ್ಲಿ ತಿಂದೆವು. ಎದ್ದು ಕೈ ತೊಳೆಯುವಾಗ ನಾನು, "ಎದುರಿಗೆ ಚಪ್ಪಲಿ ಅಂಗಡಿ ಇದೆ, ಸುಮ್ನೆ ಒಂದು ಸಲ ನೋಡ್ಬೋದು" ಎಂದೆ. ಅಕ್ಕ ನಲ್ಲಿಯನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನಾಗಿ ಎಲ್ಲಿಗಾದರೂ ಹೋಗೋಣವೆಂದು ಹೇಳಿದ್ದನ್ನು ಆಕೆ ಅದುವರೆಗೆ ಕೇಳಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಊರಿನ ಪೇಟೆಯಲ್ಲಿ ನಾವು ಅಂಗಡಿಯವರ ಹತ್ತಿರ ಮಲಯಾಳ ಮಾತಾಡುತ್ತೇವೆ, ನಮ್ಮೊಳಗೆ ಕನ್ನಡ. ಸೀರೆ ಚೆನ್ನಾಗಿಲ್ಲ, ಇವನು ಕಳ್ಳ, ಎದ್ದು ಹೋಗುವ ಹಾಗೆ ಮಾಡು, ಎಲ್ಲವನ್ನೂ ಅವರ ಎದುರಿಗೇ ಹೇಳಿಕೊಳ್ಳುತ್ತೇವೆ. ಅಂದು ಬೆಳಗಿನಿಂದ ಹೋಟೆಲಿನವನ ಹತ್ತಿರ, ದಾರಿ ತೋರಿಸಿದವನ ಹತ್ತಿರ ಕನ್ನಡದಲ್ಲೇ ಮಾತಾಡಿದ್ದೆವು. ಆದರೂ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಹಳೆಯ ಅಭ್ಯಾಸ ಬಂದು ಕುಳಿತಿತು. ಅಕ್ಕ ಮಲಯಾಳದಲ್ಲಿ, ಇವಳಿಗೆ ಚಪ್ಪಲಿ ಬೇಕು ಎಂದಳು. ಕೆಲಸದವರು ಒಬ್ಬರು ಮಾತಿಲ್ಲದೆ ಬೆಂಚು ತೋರಿಸಿದರು. ಐವತ್ತರ ಆಸುಪಾಸಿನವರು, ಕಪ್ಪು ಮೀಸೆ. ಒಂದು ಜೋಡಿ ತಂದು ನನ್ನ ಮುಂದೆ ಮಂಡಿಯೂರಿ ಕುಳಿತರು. ನಾನು ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡೆ.

"ಕೊಡೇ ಕಾಲ. ಕುಯ್ಕೊಂಡು ಹೋದಾನಾ ಅವ್ನು?" ಎಂದು ಅಕ್ಕ ಕನ್ನಡದಲ್ಲಿ ಹೇಳಿದಳು.

ಚೇಚಿ ಬಗ್ಗಿ ನೋಡಿ, "ಮೀಸೆ ಕಂಡ್ಯಾ? ಮೀಸೆಗೆ ಹಚ್ಚಿದ್ ಬಣ್ಣ ಮೂಗಿಗೂ ಹತ್ತಿದೆ" ಎಂದಳು.

"ಮೂಗು ಬುಡು. ಅವ್ನು ಯೋಳೋ ಬೆಲೆಲಿ ಅರ್ಧ ಸುಳ್ಳಿರ್ತದೆ. ಚಂದ ಅಂತ ಮೊಕದಲ್ಲಿ ತೋರಿಸ್ಕೋಬೇಡ ನೀನು."

ಅವರು ನನ್ನ ಎಡಗಾಲಿಗೆ ಚಪ್ಪಲಿ ಹಾಕಿ ಪಟ್ಟಿ ಬಿಗಿದರು. ಮೀಸೆಯ ಒಂದು ಕೂದಲೂ ಅಲುಗಲಿಲ್ಲ. ಚಪ್ಪಲಿ ಕಿರುಬೆರಳನ್ನು ಕಚ್ಚಿತು. ಅವರು ತಲೆಯೆತ್ತಿ ನೋಡಿದರು. ಸರಿ ಇದೆ ಎಂದು ನಾನು ತಲೆಯಾಡಿಸಿದೆ. ಮೂವತ್ತೆಂಟು ವರ್ಷದ ಅಭ್ಯಾಸ ಕುತ್ತಿಗೆಯಲ್ಲೂ ಇರುತ್ತದೆ.

"ಸರಿ ಇದ್ರೆ ಮೊಕ ಯಾಕೆ ಹಂಗೈತೆ?" ಎಂದಳು ಅಕ್ಕ.

ಅಂಗಡಿಯಲ್ಲಿ ಕನ್ನಡದಲ್ಲಿ ಹೇಳಿದರೆ ಯಾರಿಗೂ ಹೇಳಿದಂತಲ್ಲ ಎಂಬ ಧೈರ್ಯದಲ್ಲಿ ನಾನು ಬಾಯಿಬಿಟ್ಟೆ. "ನಂದು ಎಡಗಾಲು ದೊಡ್ಡದಕ್ಕಾ. ಅವ್ರು ಬಲಗಾಲೇ ಅಳೀತಿದ್ರು. ಮದ್ವೆ ಆದಾಗಿಂದ ಕಚ್ಚಿಸ್ಕೊಂಡೇ ಇದ್ದೆ. ಒಂದಿನಾನೂ ಯೋಳ್ಲಿಲ್ಲ."

"ಮದ್ವೆ ಆದಾಗಿಂದಾನಾ?" ಎಂದಳು ಚೇಚಿ.

ಅಕ್ಕ, "ಅವ್ರು ಒಳ್ಳೆ ಮನುಷ್ಯ ಕಣೆ. ಯೋಳಿದ್ರೆ ಏನ್ ಮಾಡೋರು?" ಎಂದು ಕೇಳಿದಳು.

"ಎಡಗಾಲೂ ಅಳೆಯೋರು."

"ಅಷ್ಟೇನಾ?"

"ಅಷ್ಟೇ."

ಕೆಳಗೆ ಕುಳಿತವರು ಪಟ್ಟಿಯನ್ನು ಬಿಚ್ಚುತ್ತ, ಮೈಸೂರಿನ ಸ್ವಚ್ಛ ಕನ್ನಡದಲ್ಲಿ, "ಮೊದಲೇ ಹೇಳಬಾರದಾ ಅಮ್ಮ, ಇದು ಅಗಲ ಕಮ್ಮಿ ಇರೋ ಮಾಲು" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಬೆಲೆ ಡಬ್ಬದ ಮೇಲೆ ಅಚ್ಚು ಹಾಕಿದಾರೆ ಅಕ್ಕಾವ್ರೇ, ಅದರಲ್ಲಿ ನಂದೇನಿಲ್ಲ. ಮೀಸೆ ಬಣ್ಣ ಮಾತ್ರ ನಂದು" ಎಂದರು.

ನಾವು ಮೂವರೂ ಗೋಡೆಯ ಮೇಲಿನ ಬೂಟುಗಳನ್ನು ನೋಡಿದೆವು. ಮೊದಲು ಚೇತರಿಸಿಕೊಂಡವಳು ಚೇಚಿ. ಆಕೆ ತಡಮಾಡದೆ ಮಲಯಾಳಕ್ಕೆ ಹಾರಿ, ಇಲ್ಲಿ ಕೂರುವ ಮುಖ ನಮಗಿಲ್ಲ, ನಾನು ಮೂರು ಎಣಿಸುತ್ತೇನೆ, ಎದ್ದು ಓಡೋಣ ಎಂದಳು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಪೇಪರು ಓದುತ್ತಿದ್ದ ಯಜಮಾನರು ಪುಟ ತಿರುವಿ, "ವಯನಾಟಿಲ್ ಎವಿಡೆಯಾ ಚೇಚೀ?" ಎಂದರು. ವಯನಾಡಿನಲ್ಲಿ ಎಲ್ಲಿ ಎಂದು ಕೇಳುತ್ತಿದ್ದರು. ಅವರೂ ಮಲಯಾಳಿಯೇ, ವಯನಾಡು ಘಾಟಿಯ ಕೆಳಗಿನ ಊರಿನವರಂತೆ. ಓಡುವುದಾದರೆ ಅಂಗಡಿಯ ಚಪ್ಪಲಿ ಬಿಚ್ಚಿಟ್ಟು ಓಡಿ ಎಂದೂ ಅದೇ ದನಿಯಲ್ಲಿ ಹೇಳಿದರು.

ನಮಗೆ ಮೂರನೆಯ ಭಾಷೆ ಬರುತ್ತಿರಲಿಲ್ಲ.

"ಎಲ್ಲಿ ಕಚ್ಚುತ್ತೆ ಅಮ್ಮ?" ಎಂದು ಮೀಸೆಯವರು ಕೇಳಿದರು. ಅಕ್ಕ ನನ್ನ ಪರವಾಗಿ ಉತ್ತರ ಹೇಳಲು ಬಾಯಿ ತೆರೆದಳು, ಆದರೆ ಆಕೆಗೆ ಗೊತ್ತಿರಲಿಲ್ಲ. ಅದು ನನಗೆ ಮಾತ್ರ ಗೊತ್ತಿದ್ದ ಜಾಗ.

"ಎಡಗಾಲು. ಕಿರುಬೆರಳು" ಎಂದೆ. ಬೇಕಾದದ್ದಕ್ಕಿಂತ ಜೋರಾಗಿ ಬಂತು. ಪಕ್ಕದ ಬೆಂಚಿನ ಹೆಂಗಸು ತನ್ನ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಬಹಳ ಜನಕ್ಕೆ ಒಂದು ಕಾಲು ದೊಡ್ಡದೇ ಇರುತ್ತೆ. ದೊಡ್ಡ ಕಾಲಿಗೆ ಅಳತೆ ತಗೊಂಡು, ಚಿಕ್ಕ ಕಾಲಿಗೆ ಒಳಗೊಂದು ಮೆತ್ತೆ ಹಾಕಿದರಾಯ್ತು" ಎಂದು ಹೇಳಿ ಅವರು ಇನ್ನೊಂದು ಡಬ್ಬ ತರಲು ಹೋದರು. ನನಗೆ ಏನು ಅನ್ನಿಸಿತು ಎಂದು ಬರೆಯಲು ಯೋಚಿಸಿದೆ. ಏನೂ ಅನ್ನಿಸಲಿಲ್ಲ. ಮೆತ್ತೆ ಎಷ್ಟು ದಪ್ಪ ಇರಬಹುದು ಎಂದು ಮಾತ್ರ ಯೋಚಿಸಿದೆ.

ಎರಡನೆಯ ಜೋಡಿ ಹಾಕಿದರು. ಕಚ್ಚುತ್ತದೆ ಎಂದೆ. ಮೂರನೆಯದನ್ನೂ ಕಚ್ಚುತ್ತದೆ ಎಂದೆ. ನಾಲ್ಕನೆಯದು ಹಿಮ್ಮಡಿಯಲ್ಲಿ ಉಜ್ಜುತ್ತಿತ್ತು, ಅದನ್ನೂ ಹೇಳಿದೆ. ಒಂದೊಂದು ಸಲ ಹೇಳಿದಾಗಲೂ ಅವರು ಕೋಪಿಸಿಕೊಳ್ಳದೆ ಎದ್ದು ಹೋಗಿ ಬೇರೆ ಡಬ್ಬ ತರುತ್ತಿದ್ದರು. ಹೇಳಿದರೆ ಹೀಗಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಏಳನೆಯ ಜೋಡಿ ನಿಜವಾಗಿ ಕಚ್ಚುತ್ತಿರಲಿಲ್ಲ. ಅದನ್ನೂ ಕಚ್ಚುತ್ತದೆ ಎಂದೆ.

"ಇವ್ಳಿಗೆ ರುಚಿ ಹತ್ತಿತು" ಎಂದಳು ಅಕ್ಕ. ಈಗ ಯಾವ ಭಾಷೆಯಾದರೇನು ಎಂದು ಆಕೆ ಎಲ್ಲರಿಗೂ ಕೇಳುವ ಹಾಗೆಯೇ ಮಾತಾಡುತ್ತಿದ್ದಳು. "ಮೃಗಾಲಯದಲ್ಲಿ ಪ್ರಾಣಿಗಳು ಮುದಿಯಾಗ್ತಾವೆ, ಬೇಗ ಏಳು."

ಎಂಟನೆಯದೂ ಒಂಬತ್ತನೆಯದೂ ಏಳನೆಯದರಷ್ಟು ಹಿತವಾಗಿರಲಿಲ್ಲ. ಕೊನೆಗೆ, ಆಗ ತೋರಿಸಿದಿರಲ್ಲ, ಕಂದು ಬಣ್ಣದ್ದು, ಅದು ಬೇಕು ಎಂದು ಕೇಳಬೇಕಾಯಿತು. ಅದು ಕಚ್ಚುತ್ತೆ ಅಂದ್ರಲ್ಲ ಎಂದರು. ಈಗ ಕಚ್ಚುವುದಿಲ್ಲ ಎಂದೆ. ಅವರು ಅದನ್ನು ತಂದು, ಬಲಗಾಲಿನದಕ್ಕೆ ಮೆತ್ತೆ ಅಂಟಿಸಿ ಹಾಕಿದರು. ಅಂಗಡಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆ. ಕಾಲು ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಕಚ್ಚದ ಚಪ್ಪಲಿ ಹೀಗಿರುತ್ತದಂತೆ.

ಅಕ್ಕ ಯಜಮಾನರ ಹತ್ತಿರ ಮಲಯಾಳದಲ್ಲಿ ಒಂದು ಸುತ್ತು, ಕನ್ನಡದಲ್ಲಿ ಒಂದು ಸುತ್ತು ಚೌಕಾಸಿ ಮಾಡಿದಳು. ಬೆಲೆ ಇಳಿಯಲಿಲ್ಲ. ಮೂವರಿಗೂ ಚಹಾ ತರಿಸಿದರು.

ಕಾಡಿನ ದಾರಿ ಕತ್ತಲಾದ ಮೇಲೆ ಮುಚ್ಚುವುದರಿಂದ ನಾವು ಸಂಜೆಗೆ ಮೊದಲೇ ಬಸ್ಸು ಹಿಡಿಯಬೇಕಿತ್ತು. ಮೃಗಾಲಯಕ್ಕೆ ಸಿಕ್ಕಿದ್ದು ಎರಡು ಗಂಟೆ. ಆನೆಗಳನ್ನು ಬಿಟ್ಟೆವು. ಟಿಕೆಟ್ ಕೊಟ್ಟು ನೋಡುವಷ್ಟು ಆನೆಗೆ ನಮ್ಮ ಬಾಳೆತೋಟದಲ್ಲಿ ಕೊರತೆ ಇಲ್ಲ. ಜಿರಾಫೆಯನ್ನು ನೋಡಿದೆವು. ಅದು ಚೇಚಿಯ ಕೈಯಲ್ಲಿದ್ದ ಸೌತೆಕಾಯಿಯನ್ನು ನೋಡಿತು. ಆಮೇಲೆ ಅವರಿಬ್ಬರೂ ಒಂದು ಮರದ ಕೆಳಗೆ ಕುಳಿತು, ಕಾಲು ನೋಯುತ್ತಿದೆ, ಇನ್ನು ಏಳುವುದಿಲ್ಲ ಎಂದರು. ನಾನೊಬ್ಬಳೇ ಹಾವುಗಳವರೆಗೂ ಹೋಗಿ ಬಂದೆ.

ಈಗ ನಿಮಗೆ ಹೇಳಬೇಕಾದದ್ದು. ಅದಾದ ಮೇಲೆ ಬಂದ ಓಣಕ್ಕೆ ನೀವೆಲ್ಲ ಸೇರಿ ಫೋನಿನಲ್ಲಿ ತರಿಸಿಕೊಟ್ಟ ಬೂದು ಬಣ್ಣದ ಜೋಡಿ ನೋಡಲು ಚೆನ್ನಾಗಿದೆ. ಸರಿ ಇದೆಯಾ ಅಜ್ಜಿ ಎಂದು ಕೇಳಿದಿರಿ. ಮನೆ ತುಂಬ ಜನರಿದ್ದರು, ಸರಿ ಇದೆ ಎಂದುಬಿಟ್ಟೆ. ಅದು ಕಚ್ಚುತ್ತದೆ. ಎಡಗಾಲು, ಕಿರುಬೆರಳಿನ ಹತ್ತಿರ. ಡಬ್ಬ ಬೀರುವಿನ ಮೇಲಿದೆ. ಒಂದು ಅಳತೆ ದೊಡ್ಡದು ತರಿಸಿ.