ಹಿಮದ ಮೇಲಿನ ಜೋಡಿ ಗೆರೆ

ರೈಲು ತಪ್ಪಬಹುದಿತ್ತು. ಹಿಮ ಕುಸಿದು ನಾಲ್ವರೂ ಅದರಡಿ ಸಿಕ್ಕಬಹುದಿತ್ತು. ಯಜಮಾನರ ಬಿಪಿ ಏರಬಹುದಿತ್ತು, ನನ್ನ ಕಾಲ್ಬೆರಳುಗಳು ಚಳಿಗೆ ಕಪ್ಪಾಗಿ ಉದುರಬಹುದಿತ್ತು, ಕಾಡಿನಲ್ಲಿ ದಾರಿ ತಪ್ಪಬಹುದಿತ್ತು. ಗ್ಯಾಸ್ ಆರಿಸಿ ಬಂದಿದ್ದೆನೋ ಇಲ್ಲವೋ, ಅದೂ ಒಂದು. ಕಳೆದ ವರ್ಷ ಜನವರಿಯಲ್ಲಿ ನಾವು ಹಿಮಾಚಲಕ್ಕೆ ಹೊರಟಾಗ, ಜೇವರ್ಗಿ ಕಾಲೋನಿಯ ನಮ್ಮ ಮನೆಯಿಂದ ಸ್ಟೇಷನ್ ಮುಟ್ಟುವುದರೊಳಗೆ ಇದನ್ನೆಲ್ಲ ನಾನು ಮನಸ್ಸಿನಲ್ಲೇ ಅನುಭವಿಸಿ ಮುಗಿಸಿದ್ದೆ.

ನಾವು ಎಂದರೆ ನಾನು, ಯಜಮಾನರು, ಕಮಲಾಪುರದಲ್ಲಿ ಬಾಳೆ ಬೆಳೆಯುವ ಮೈದುನ ಮತ್ತು ಅವನ ಹೆಂಡತಿ ಮಹಾದೇವಿ. ನನ್ನ ಈ ನೆಗೆಣ್ಣಿ ಬಹಳ ಒಳ್ಳೆಯವಳು. ತೊಂದರೆ ಇರುವುದೇ ಅಲ್ಲಿ. ಅವಳು ಮದುವೆಯಾಗಿ ಬಂದಾಗಿನಿಂದ ಮನೆಮಂದಿಯೆಲ್ಲ ಅವಳ ಸುತ್ತಲೇ. ಅವಳ ರೊಟ್ಟಿ ಚೆನ್ನಾಗಿ ಬಂದರೆ ಹೊಗಳುತ್ತಾರೆ, ಕರಕಲಾದರೆ ನಕ್ಕು ತಿನ್ನುತ್ತಾರೆ. ನಾನು ಮಾಡಿದ್ದನ್ನು ತಿಂದು ಕೈ ತೊಳೆಯುತ್ತಾರೆ.

ಈ ಪ್ರವಾಸದಲ್ಲಾದರೂ ಅವಳಿಗಿಂತ ನಾನು ಮುಂದಿರಬೇಕು ಎಂದು ನಿಶ್ಚಯಿಸಿ, ಹಿಮದಲ್ಲಿ ನಡೆಯುವ ನಿಯಮಗಳನ್ನೆಲ್ಲ ವಿಡಿಯೊ ನೋಡಿ ಬಾಯಿಪಾಠ ಮಾಡಿದ್ದೆ. ಹೊರಡುವ ಮುಂಚಿನ ಭಾನುವಾರ ಕಮಲಾಪುರದ ಹೊಲದಲ್ಲಿ ಎಲ್ಲರಿಗೂ ತಾಲೀಮು ಇಟ್ಟೆ. ಹಿಮದಲ್ಲಿ ಕಾಲು ಹೂತುಹೋಗದಿರಲೆಂದು ಬೂಟಿನಡಿ ಅಗಲವಾದ ಪಾದುಕೆ ಕಟ್ಟಿಕೊಳ್ಳುತ್ತಾರೆ. ನಾವು ಮೊರ ಕಟ್ಟಿಕೊಂಡೆವು. ನಾನು ಬಿದ್ದೆ. ಮಹಾದೇವಿ ಬದುವಿನ ತನಕ ಹೋಗಿ ಬಂದಳು.

"ಅಕ್ಕಾರ, ಮೊರ ಹರಕೊಂಡು ಹೋದ್ವು. ನಾಳಿ ಜ್ವಾಳ ನಿಮ್ಮ ವಿಡಿಯೋದಾಗ ಕೇರ್ಲೇನ್ರೀ?" ಎಂದಳು. ಯಜಮಾನರು ನಕ್ಕರು. ವರ್ಷಕ್ಕೊಮ್ಮೆ ನಗುವ ಮನುಷ್ಯ.

ಹಿಮಾಚಲದಲ್ಲಿ ನಮ್ಮ ಗೈಡ್ ಹಿಂದಿಯವನು. ನನ್ನದು ಪರೀಕ್ಷೆ ಪಾಸು ಮಾಡಿದ ಹಿಂದಿ. ಮಹಾದೇವಿಯದು ಹಣ್ಣಿನ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡುತ್ತಾ ಕಲಿತ ನಮ್ಮ ಕಡೆಯ ದಖ್ಖನಿ. ಸ್ವಲ್ಪ ಹೊತ್ತಿನಲ್ಲೇ ಅವನು ಅವಳಿಗೆ ದೀದಿ ಎನ್ನತೊಡಗಿದ. ನನಗೆ ಮೇಡಂ.

ನಿಜವಾದ ಪಾದುಕೆ ಕಟ್ಟಿಕೊಂಡು ಹೊರಟೆವು. ಹಿಮದ ಮೇಲೆ ಉದ್ದಕ್ಕೂ ಜೋಡಿ ಗೆರೆ ಕೊರೆದಿದ್ದರು. ಅದು ಸ್ಕೀ ಮಾಡುವವರ ದಾರಿ, ನಡೆಯುವವರು ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ಹೋಗಬೇಕು, ಗೆರೆ ತುಳಿದರೆ ಅದು ಒಡೆದು ಹಿಂದೆ ಬರುವವರು ಬೀಳುತ್ತಾರೆ ಎಂದು ಗೈಡ್ ಹೇಳಿದ. ನನಗೆ ಎಲ್ಲ ಗೊತ್ತಿತ್ತು.

"ನಾ ಮುಂದ ಹೋಗ್ತೀನಿ. ನಾ ಇಟ್ಟ ಹೆಜ್ಜಿ ಮ್ಯಾಲೇ ಎಲ್ಲಾರೂ ಹೆಜ್ಜಿ ಇಡ್ರಿ," ಎಂದೆ.

ಗೈಡ್ ಮಹಾದೇವಿಯೊಂದಿಗೆ ಮಾತಾಡುತ್ತಾ ಹಿಂದೆ ಉಳಿದ. ಅವಳೇನೋ ಹೇಳುತ್ತಾಳೆ, ಮೂವರು ಗಂಡಸರೂ ನಗುತ್ತಾರೆ. ವರ್ಷಕ್ಕೊಮ್ಮೆ ನಗುವವರು ಆಗಲೇ ಮೂರನೆಯ ಸಲ ನಕ್ಕಿದ್ದರು. ನನ್ನ ಕಿವಿಯೆಲ್ಲ ಹಿಂದೆಯೇ ಇತ್ತು. ಅಂಚಿನ ಹಿಮ ಮೆತ್ತಗಾದ ಕಡೆ ಕಾಲು ತಾನಾಗಿ ಗಟ್ಟಿ ಜಾಗ ಹುಡುಕಿತು. ಮಳೆಗಾಲದಲ್ಲಿ ನಮ್ಮ ಎರೆಹೊಲದ ದಾರಿಯಲ್ಲಿ ನಾವು ಚಕ್ಕಡಿಯ ಗಾಲಿ ಜಾಡು ಹಿಡಿದೇ ನಡೆಯುವವರು. ಪಕ್ಕದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಹಾಗೆಯೇ ಇಲ್ಲೂ ಗೆರೆಯ ಜಾಡಿಗಿಳಿದೆ. ನನ್ನ ಮಂದಿ ನನ್ನ ಮಾತು ಮೀರದೆ ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಬಂದರು.

ಹಿಂದಿನ ತಿರುವಿನಿಂದ ಕೂಗು ಕೇಳಿ ಪಕ್ಕಕ್ಕೆ ಸರಿದೆವು. ವಯಸ್ಸಾದ ಹೆಂಗಸೊಬ್ಬರು ಸ್ಕೀ ಮೇಲೆ ಜಾರುತ್ತಾ ಬಂದವರು, ಗೆರೆ ಒಡೆದಿದ್ದ ಕಡೆ ಮುಗ್ಗರಿಸಿ ಹಿಮದಲ್ಲಿ ಬಿದ್ದರು. ಕಾಲು ಮುರಿಯಿತು, ಪೊಲೀಸರು ಬಂದರು, ಕೋರ್ಟಿನಲ್ಲಿ ನಾನು ನಿಂತೆ, ಎಲ್ಲವೂ ನನ್ನ ತಲೆಯಲ್ಲಿ ಆಗಿಹೋಯಿತು. ಅಷ್ಟರಲ್ಲಿ ಅವರು ಎದ್ದು ಕೂತು, ಗೆರೆ ತುಳಿದವರು ಯಾರು ಎಂದು ಹಿಂದಿಯಲ್ಲಿ ಗದರಿದರು.

ನಾನು ವಾಕ್ಯ ಜೋಡಿಸುತ್ತಿದ್ದೆ. ಮಹಾದೇವಿ ಆಗಲೇ ಅವರ ಬೆನ್ನಿನ ಹಿಮ ಕೊಡವುತ್ತಿದ್ದಳು. "ಹಮಾರೀಚ್ ಗಲ್ತಿ ಹೈ ಅಮ್ಮಾ, ಮಾಫ್ ಕರೋ," ನಮ್ಮದೇ ತಪ್ಪು ಎಂದು ಕೈಹಿಡಿದು ಎಬ್ಬಿಸಿ, ಜೇಬಿನಿಂದ ಊರಿನ ಕೆಂಪು ಬಾಳೆಹಣ್ಣು ತೆಗೆದುಕೊಟ್ಟಳು. ಚಳಿಗೆ ಕಪ್ಪಿಟ್ಟಿದ್ದ ಹಣ್ಣು. ಆ ತಾಯಿ ಅದನ್ನು ತಿಂದು, ನಕ್ಕು, ಅವಳನ್ನು ಅಪ್ಪಿಕೊಂಡರು.

"ತಪ್ಪು ನಂದ್ರೀ," ಎಂದೆ ಯಜಮಾನರಿಗೆ.

"ನಿಂದ್ ಹ್ಯಾಂಗ ಆಗ್ತದ? ನಿನಗ ನಿಯಮ ಎಲ್ಲಾ ಗೊತ್ತದ," ಎಂದರು. ಮದುವೆಯಾದಾಗಿನಿಂದ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಕೆಡಿಸಿದ ಗೆರೆಗೆ ಹಿಮ ತುಂಬಿ ಒತ್ತಬೇಕು ಎಂಬ ನಿಯಮವೂ ನನಗೆ ಗೊತ್ತಿತ್ತು. ಮಂಡಿಯೂರಿ ಕೂತು ತುಂಬಿದೆ. ಮೈದುನ ಫೋಟೊ ತೆಗೆದದ್ದು ಸರಿಯಾಗಿ ಆಗಲೇ. ಅದೀಗ ಕಮಲಾಪುರದ ಮನೆಯ ಪಡಸಾಲೆಯಲ್ಲಿದೆ. ಮುಂದೆ ಮಹಾದೇವಿ ಮತ್ತು ಆ ತಾಯಿ, ಹಿಂದೆ ಒಂದು ನೀಲಿ ಜಾಕೆಟ್ಟಿನ ಬೆನ್ನು.

"ಹಿಂದ ಕುಂತಾಕಿ ಯಾರ್ರೀ?" ಎಂದು ಬಂದವರು ಕೇಳುತ್ತಾರೆ.

"ನಮ್ಮ ಅಕ್ಕಾರ್ರೀ. ನಾ ತುಳದು ಕೆಡಿಸಿದ್ದು ಅವರು ತುಂಬಾಕತ್ತಾರ," ಎನ್ನುತ್ತಾಳೆ ಮಹಾದೇವಿ. ಅವಳು ಅದನ್ನು ನಿಜವೆಂದೇ ನಂಬಿದ್ದಾಳೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಹಿಮ ಕುಸಿಯಲಿಲ್ಲ. ಕಾಲ್ಬೆರಳು ಹತ್ತೂ ಇವೆ. ಗ್ಯಾಸ್ ಆರಿಸಿಯೇ ಇತ್ತು. ಕೆಟ್ಟದ್ದು ಒಂದು ಗೆರೆ ಮಾತ್ರ, ಕೆಡಿಸಿದವಳು ನಾನು. ಆ ತಪ್ಪನ್ನೂ ಮಹಾದೇವಿಗೆ ಬಿಟ್ಟುಕೊಡಲು ನನಗೆ ಇನ್ನೂ ಮನಸ್ಸಾಗಿಲ್ಲ.