ಮಾದಪ್ಪನವರ ಅಂಗೈಯ ವೀಳ್ಯ

ಯಾರಾದರೂ ಭಾಷಣಕ್ಕೆ ನಿಂತರೆ ಬೆಲ್ಲದ ಮಾದಪ್ಪನವರು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಅಂಗೈಯಲ್ಲೇ ಹಿಡಿದಿರುತ್ತಿದ್ದರು. ಮಾತು ಒಪ್ಪಿಗೆಯಾದರೆ ಎಲೆ ಬಾಯಿಗೆ, ಇಲ್ಲವಾದರೆ ಸಂಚಿಗೆ ವಾಪಸು. ಕೊಳ್ಳೇಗಾಲದಲ್ಲಿ ನನ್ನ ಬಟ್ಟೆ ಅಂಗಡಿಯ ಪಕ್ಕದಲ್ಲೇ ಅವರ ಬೆಲ್ಲದ ಮಂಡಿ. ಮೊದಲ ಚುನಾವಣೆಯ ಕಾಲಕ್ಕೆ ಪೇಟೆಯ ಜನ ಭಾಷಣಕಾರನನ್ನು ಬಿಟ್ಟು ಇವರ ಕೈಯನ್ನೇ ನೋಡುತ್ತಿದ್ದರು.

ಅವರು ಹುಟ್ಟಿದ್ದು ಎಳಂದೂರಿನ ಅಗರದಲ್ಲಿ. ಆಗ ಎಳಂದೂರು ಮೈಸೂರಿಗೆ, ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಗಾಡಿ ಕಟ್ಟಿಕೊಂಡು ಸಂತೆಸಂತೆ ಸುತ್ತುತ್ತಿದ್ದವರಿಗೆ ಯಾವ ನಾಯಕ ಯಾವ ಊರಲ್ಲಿ ಏನಂದ ಎನ್ನುವುದೆಲ್ಲ ಗೊತ್ತಿರುತ್ತಿತ್ತು. ಕೊಳ್ಳೇಗಾಲದಲ್ಲಿ ಸರ್ಕಾರವನ್ನು ಕಳ್ಳರ ಕೂಟ ಎಂದು ಬೈದ ಮಹಾನುಭಾವರೊಬ್ಬರು, ಹನೂರಿನಲ್ಲಿ ತಹಸೀಲ್ದಾರರು ಎದುರಿಗೆ ಕೂತಿದ್ದೇ ತಡ, ಅದೇ ಸರ್ಕಾರವನ್ನು ಬಾಯ್ತುಂಬ ಹೊಗಳಿದರು. ಮಾದಪ್ಪನವರು ನಗುತ್ತ ಎಲೆಯನ್ನು ಸಂಚಿಗೆ ಹಾಕಿದರು. "ಯಾರ್ ಮ್ಯಾಲೆ ಮಾತಾಡ್ತಾನೋ ಅವ್ರ ಮುಂದ್ಕೇ ಓಗಿ ಅದ್ನೇ ಏಳ್ಬೇಕು ಕಣಪ್ಪಾ. ಏಳಕ್ಕಾಗ್ದು ಅಂದ್ರೆ ಅದು ಮಾತೇ ಅಲ್ಲ."

ಮುಳ್ಳೂರಿನ ಶಿವನಂಜ ಅವರ ಮನೆಯಲ್ಲೇ ಉಂಡು ಓದಿದ ಅಕ್ಕನ ಮಗ. ಅವನು ಚುನಾವಣೆಗೆ ನಿಂತಾಗ ಲೊಕ್ಕನಹಳ್ಳಿಗೆ ಕರೆದೊಯ್ದವರು ಇವರೇ. ಅಲ್ಲಿ ಬೆಟ್ಟದಾಚೆಯಿಂದ ಬಂದ ತಮಿಳಿನವರು ಕುರುಚಲು ಕಡಿದು ರಾಗಿ ಬೆಳೆಯುತ್ತಿದ್ದರು. ಎಲ್ಲಿ ಎಬ್ಬಿಸಿಬಿಡುತ್ತಾರೋ ಎಂಬ ಭಯ ಅವರಿಗೆ. "ನಾನಿರಗಂಟ ನಿಮ್ಮ ಯಾರೂ ಎಬ್ಬುಸಕಿಲ್ಲ," ಎಂದು ಶಿವನಂಜ ಪಳನಿಯಮ್ಮ ಎಂಬ ಮುದುಕಿಯ ಕೈಯಿಂದ ವೀಳ್ಯ ತೆಗೆದುಕೊಂಡ. ವೀಳ್ಯ ಹಿಡಿದು ಆಡಿದ ಮಾತನ್ನು ಆ ಕಡೆ ಯಾರೂ ಮುರಿಯುವುದಿಲ್ಲ. ಮಾದಪ್ಪನವರ ಎಲೆ ಅವತ್ತು ಖುಷಿಯಿಂದ ಬಾಯಿಗೆ ಹೋಯಿತು.

ವಾರ ಕಳೆಯುವುದರೊಳಗೆ ಕೊಳ್ಳೇಗಾಲದ ಸಭೆಯಲ್ಲಿ ಅದೇ ಶಿವನಂಜ ಗುಡುಗಿದ: "ಹೊರಗಿನಿಂದ ಬಂದು ನಮ್ಮ ನೆಲ ತಿನ್ನುವವರನ್ನು ಬೆಟ್ಟ ದಾಟಿಸುತ್ತೇನೆ!" ಚಪ್ಪಾಳೆಯೋ ಚಪ್ಪಾಳೆ. ಮಾದಪ್ಪನವರು ಎದ್ದು ನಿಂತರು.

"ಲೇ ನಂಜಾ, ನಾನೂ ಒರಗ್ನೋನೇ ಕಣ್ಲಾ, ಅಗರದೋನು. ನನ್ನೂ ದಾಟಿಸ್ತೀಯಾ?"

"ನೀವು ನಮ್ಮೋರು ಮಾವ. ಅವ್ರೇ ಬ್ಯಾರೆ."

"ಲೊಕ್ಕನಳ್ಳೀಲಿ ವೀಳ್ಯ ತಕಂಡ್ಯಲ್ಲಾ?"

"ಅದು ಅಲ್ಗೆ, ಇದು ಇಲ್ಗೆ. ಕೂತ್ಕಳಿ ಮಾವ."

ಸಭೆಗೆ ಸಭೆಯೇ ನಕ್ಕಿತು. ಇಷ್ಟು ದಿನ ಅವರ ಕೈ ನೋಡಿ ತಲೆದೂಗುತ್ತಿದ್ದ ಪೇಟೆಯವರೇ ನಕ್ಕರು. ನನಗೆ ಶಿವನಂಜನಿಗಿಂತ ಆ ನಕ್ಕವರ ಮೇಲೇ ಸಿಟ್ಟು ಬಂತು, ಈಗಲೂ ಬರುತ್ತದೆ.

ಮರುದಿನವೇ ಅವರು ಗಾಡಿ ಕಟ್ಟಿಸಿದರು, ನಾನೂ ಹತ್ತಿಕೊಂಡೆ. ಲೊಕ್ಕನಹಳ್ಳಿಯಲ್ಲಿ ಎಲ್ಲರನ್ನೂ ಕೂರಿಸಿ, ಶಿವನಂಜ ಆಡಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಜನ ಅವನಿಗೆ ಶಾಪ ಹಾಕುತ್ತಾರೆಂದು ನಾನು ಕಾದಿದ್ದೆ. ಪಳನಿಯಮ್ಮ ಇವರ ಮುಖವನ್ನೇ ನೋಡುತ್ತ ಕೇಳಿದಳು: "ಅವುರ್ ಯಾರು ಅಂತ ನಮ್ಗೇನ್ ಗೊತ್ತು ಸಾಮಿ? ನಿಮ್ಮ ನೋಡಿ ತಾನೇ ಎಲೆ ಕೊಟ್ಟಿದ್ದು?"

ಮಾದಪ್ಪನವರು ಎದ್ದು ಗಾಡಿ ಹತ್ತಿದರು. ದಾರಿಯುದ್ದಕ್ಕೂ ಸಂಚಿ ಬಿಚ್ಚಲಿಲ್ಲ.

ಶಿವನಂಜ ಗೆದ್ದ. ಮಂಡಿ ಮುಚ್ಚಿ ಮಾದಪ್ಪನವರು ಅಗರಕ್ಕೆ ಹೊರಟುಹೋದರು. ಕಡೆಯ ಸಲ ನೋಡಲು ಹೋದಾಗ ನಾನೇ ಎಲೆ ಮಡಿಸಿ ಕೊಟ್ಟೆ. ಅದನ್ನು ಅಂಗೈಯಲ್ಲೇ ಹಿಡಿದುಕೊಂಡು ಕೇಳಿದರು:

"ಆ ಪಳನಿಯಮ್ಮ ಅಲ್ಲೇ ಅವ್ಳಾ?"

"ಇಲ್ಲ ಮಾದಪ್ನೋರೇ. ಎಲ್ಲಾರ್ನೂ ಎಬ್ಬುಸ್ಬುಟ್ರು."

ಅವರು ಎಲೆಯನ್ನು ಬಾಯಿಗೂ ಹಾಕಲಿಲ್ಲ, ಸಂಚಿಗೂ ಹಾಕಲಿಲ್ಲ. "ನನ್ ನೋಡಿ ಯಾರೂ ಎಲೆ ಕೊಡ್ಬಾರ್ದು ಕಣಪ್ಪಾ," ಎಂದು ನನ್ನ ಕೈಗೇ ವಾಪಸಿಟ್ಟು, ನನ್ನ ಬೆರಳು ಮುಚ್ಚಿದರು.